ಮೂಗಿಲ್ಲದ ಬಟಾಣಿಯ ಉಸಿರು

ಏಳನೇ ತರಗತಿಯ ವಿಜ್ಞಾನದ ಟೀಚರು ಉತ್ತರಪತ್ರಿಕೆ ತಿದ್ದುತ್ತ ತಲೆಯ ಮೇಲೆ ಕೈ ಹೊತ್ತು ಕೂತರು. ಉಸಿರಾಡುವುದು ಎಂದರೇನು, ಜೀವಕೋಶಗಳ ಉಸಿರಾಟ ಎಂದರೇನು ಎಂದು ಎರಡು ಪ್ರಶ್ನೆ ಕೇಳಿದ್ದರು. ಮೂವತ್ತೇಳು ಮಕ್ಕಳಲ್ಲಿ ಮೂವತ್ತಾರು ಮಂದಿ ಎರಡಕ್ಕೂ ಒಂದೇ ಉತ್ತರ ಬರೆದಿದ್ದರು: ಮೂಗಿನಿಂದ ಗಾಳಿ ಎಳೆದು ಬಿಡುವುದು. ಉಳಿದೊಬ್ಬಳು ಉತ್ತರದ ಜಾಗದಲ್ಲಿ ತಾನೇ ಒಂದು ಪ್ರಶ್ನೆ ಬರೆದಿದ್ದಳು: ‘ಬೀಜಕ್ಕೆ ಮೂಗಿಲ್ಲ. ಹಾಗಾದರೆ ಅದು ಸತ್ತಿದೆಯಾ?’

ಆ ಹುಡುಗಿಗೆ ಆಸ್ತಮಾ. ಎದೆ ಸುಂಯ್‌ಗುಡುತ್ತದೆಂದು ಎಲ್ಲರೂ ‘ಸೀಟಿ’ ಎನ್ನುತ್ತಿದ್ದರು. ತರಗತಿಯಲ್ಲಿ ಒಮ್ಮೆಯೂ ಬಾಯಿಬಿಟ್ಟವಳಲ್ಲ.

“ಎರಡು ಸಾಲು ಬಾಯಿಪಾಠ ಮಾಡ್ಸಿ, ಕೈ ತೊಳ್ಕೊಳ್ಳಿ,” ಎಂದರು ಹೆಡ್‌ಮಿಸ್ಟ್ರೆಸ್. ಟೀಚರ ಮನಸ್ಸು ಒಪ್ಪಲಿಲ್ಲ. ಮನೆಯ ಎರಡೂ ಥರ್ಮಾಸ್ ಫ್ಲಾಸ್ಕ್ ಎತ್ತಿಕೊಂಡು ಹೊರಟಾಗ ಗಂಡ ಕೇಳಿದ, “ನನ್ನ ಟೀ ಗತಿ ಏನೇ?”

“ಮಾಡಿದ ತಕ್ಷಣ ಕುಡಿದುಬಿಡಿ!”

ಟೀಚರು ಅವನ್ನು ತರಗತಿಯ ಮೇಜಿನ ಮೇಲಿಟ್ಟರು. ಒಂದರಲ್ಲಿ ಮೊಳಕೆಯೊಡೆದ ಬಟಾಣಿ, ಇನ್ನೊಂದರಲ್ಲಿ ಬೇಯಿಸಿ ಆರಿಸಿದ ಬಟಾಣಿ. ಬಾಯಿಗೆ ಹತ್ತಿ, ಹತ್ತಿಯ ನಡುವೆ ಥರ್ಮಾಮೀಟರ್.

“ಉಸಿರಾಡೋದು ಅಂದ್ರೆ ಗಾಳಿ ಒಳಗೆ ಬಂದು ಹೊರಗೆ ಹೋಗೋದು, ಅಷ್ಟೇ. ಆ ಗಾಳಿಯ ಆಕ್ಸಿಜನ್ ಬಳಸಿ ಒಂದೊಂದು ಜೀವಕೋಶವೂ ಆಹಾರದಿಂದ ಶಕ್ತಿ ತೆಗೆಯುತ್ತಲ್ಲ, ಅದು ಜೀವಕೋಶಗಳ ಉಸಿರಾಟ, ಬೇರೇನೇ ಕೆಲಸ. ಅದು ನಡೆದ್ರೆ ಬಿಸಿ ಹುಟ್ಟುತ್ತೆ. ಜೀವ ಇರೋ ಬಟಾಣಿ ಬೆಚ್ಚಗಾಗ್ಬೇಕು, ಬೆಂದದ್ದು ತಣ್ಣಗಿರ್ಬೇಕು.”

ಮೂರನೇ ದಿನ ನೋಡಿದರೆ ಎರಡೂ ಬಿಸಿ! ಮೊಳಕೆಯದ್ದು ಮೂವತ್ತೊಂದು ಡಿಗ್ರಿ, ಬೆಂದದ್ದು ಮೂವತ್ತು; ಕೋಣೆಯದ್ದು ಬರೀ ಇಪ್ಪತ್ನಾಲ್ಕು. ತರಗತಿ ಗೊಳ್ಳೆಂದಿತು. ಬಾಗಿಲಲ್ಲಿದ್ದ ಹೆಡ್‌ಮಿಸ್ಟ್ರೆಸ್ ಹುಬ್ಬೇರಿಸಿದರು. ಟೀಚರ ಮುಖ ಹುಳ್ಳಗಾಯಿತು.

ಆಗ ಹಿಂದಿನ ಬೆಂಚಿನಿಂದ ಸೀಟಿ ಎದ್ದು ಬಂದಳು. ಬೆಂದ ಬಟಾಣಿಯ ಹತ್ತಿ ತೆಗೆದು ಮೂಸಿ, ಮುಖ ಕಿವುಚಿದಳು.

“ಮಿಸ್, ಇದು ಕೊಳೆತುಹೋಗಿದೆ. ಕೊಳೆಸೋ ಸಣ್ಣ ಜೀವಿಗಳು ಇದ್ರಲ್ಲಿ ಸೇರ್ಕೊಂಡಿವೆ. ಈ ಬಿಸಿ ಬಟಾಣೀದಲ್ಲ, ಅವುಗಳದ್ದು. ಆ ಕೆಲಸ ಅವೂ ಮಾಡ್ತಿವೆ, ಮೂಗಿಲ್ದೇನೇ!”

“ಅಯ್ಯೋ ಪುಟ್ಟೀ, ನಂಗೇ ಹೊಳೀಲಿಲ್ವಲ್ಲೇ! ಈಗೇನು ಮಾಡೋಣ?”

“ಅವು ಬರದ ಹಾಗೆ ತೊಳೆಯೋಣ.”

ಈ ಸಲ ಫ್ಲಾಸ್ಕುಗಳನ್ನೂ ಎರಡೂ ಬಗೆಯ ಹೊಸ ಬಟಾಣಿಯನ್ನೂ ತುಸು ಸೋಂಕುನಾಶಕ ಬೆರೆಸಿದ ನೀರಿನಲ್ಲಿ ಚೆನ್ನಾಗಿ ತೊಳೆದಿಟ್ಟರು. ಎರಡು ದಿನ ಬಿಟ್ಟು ಸೀಟಿಯೇ ಓದಿದಳು. “ಬೆಂದದ್ದು ಇಪ್ಪತ್ನಾಲ್ಕು. ಮೊಳಕೆ… ಮೂವತ್ಮೂರು!” ಮಕ್ಕಳ ಕೂಗಿಗೆ ಕಿಟಕಿ ಅದುರಿತು.

ಗದ್ದಲ ಇಳಿದ ಮೇಲೆ ಅವಳು ಮೆಲ್ಲಗೆ ಕೇಳಿದಳು, “ನಂಗೆ ಉಸಿರಾಟದ ಕಾಯಿಲೆ ಅಂತಾರೆ. ಯಾವ ಉಸಿರಾಟ ಮಿಸ್?”

“ಗಾಳಿ ಓಡಾಡೋ ದಾರಿಯದ್ದು ಕಣೇ. ದಾರಿ ಆಗಾಗ ಇಕ್ಕಟ್ಟಾಗುತ್ತೆ. ನಿನ್ನ ಜೀವಕೋಶಗಳಿಗೆ ಯಾವ ಕಾಯಿಲೆಯೂ ಇಲ್ಲ, ಎಲ್ಲರ ಹಾಗೇ ದುಡೀತಿವೆ.”

ಹೆಡ್‌ಮಿಸ್ಟ್ರೆಸ್ ಒಳಗೆ ಬಂದರು. “ಇದನ್ನ ಪಕ್ಕದ ತರಗತಿಗೂ ತೋರಿಸ್ಬೇಕು. ನೀವಲ್ಲ ಟೀಚರೇ, ಅವಳೇ ಹೇಳ್ಲಿ.”

ಪಕ್ಕದ ತರಗತಿಯಲ್ಲಿ ಅರ್ಧ ಹೇಳುವಷ್ಟರಲ್ಲಿ ಅವಳಿಗೆ ಉಸಿರು ಕಟ್ಟಿತು. ಇನ್‌ಹೇಲರ್ ತೆಗೆದು ಎಳೆದುಕೊಂಡಳು. ನಲವತ್ತು ಮಕ್ಕಳು ಕಾದರು. “ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ಜೀವಕೋಶ!” ಎಂದು ಸೀಮೆಸುಣ್ಣ ಕೈಗೆತ್ತಿಕೊಂಡವಳು ಬೋರ್ಡು ತುಂಬುವವರೆಗೆ ನಿಲ್ಲಲಿಲ್ಲ.