ಡಬ್ಬಿಗೂ ತಟ್ಟಿದ ಬಿಸಿಲು

ಬಳ್ಳಾರಿಯ ಬೇಸಿಗೆಯಲ್ಲಿ ಮಧ್ಯಾಹ್ನ ಮನುಷ್ಯರೇ ಕಾಲು ಚಾಚಿ ಮಲಗಿಬಿಡುತ್ತಾರೆ, ಇನ್ನು ಪ್ರಿಂಟರು ಯಾವ ಲೆಕ್ಕ ಎಂದು ನೀವು ಅನ್ನಬಹುದು. ಆದರೆ ಗಾಂಧಿನಗರದ ಸೌಂದರ್ಯ ತಂದದ್ದು ಹೊಚ್ಚಹೊಸ ಪ್ರಿಂಟರು. ಅದಕ್ಕೆ ಮಲಗುವ ಹಕ್ಕೇ ಇರಲಿಲ್ಲ.

ಸೌಂದರ್ಯಳದು ಜೀನ್ಸ್ ಪ್ಯಾಂಟಿಗೆ ಜೇಬಿನ ವಿನ್ಯಾಸ ಮಾಡುವ ಕೆಲಸ. ಅದನ್ನು ಹಾಳೆಯ ಮೇಲೆ ಅಚ್ಚು ಹಾಕಿ ಕೊಟ್ಟರೆ ಗಾರ್ಮೆಂಟಿನವರು ಅದರ ಅಳತೆಗೆ ಬಟ್ಟೆ ಕತ್ತರಿಸುತ್ತಾರೆ. ಹಿಂದಿನ ಸಲ ಝೆರಾಕ್ಸ್ ಅಂಗಡಿಯೊಂದರಲ್ಲಿ ಪ್ರಿಂಟ್ ತೆಗೆಸಿದ್ದಳು. ಕೆಲವೇ ದಿನಗಳಲ್ಲಿ ಅವಳ ಜೇಬು ಇನ್ಯಾರದೋ ಪ್ಯಾಂಟಿನ ಮೇಲೆ ಕುಳಿತು ಪೇಟೆಯೆಲ್ಲ ತಿರುಗಾಡುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹೊಟ್ಟೆ ಉರಿದುಹೋಯಿತು. ಇನ್ನು ನನ್ನ ಜೇಬು ನನ್ನ ಮನೆಯಲ್ಲೇ ಅಚ್ಚಾಗಲಿ ಎಂದು ನಿನ್ನೆ ಪ್ರಿಂಟರನ್ನೂ ವೈ-ಫೈ ಡಬ್ಬಿಯನ್ನೂ ಒಟ್ಟಿಗೇ ತಂದಿದ್ದಳು.

ಪ್ರಿಂಟರೋ ಜಗಮೊಂಡಿ. ಹಿಂದಿನ ಕೋಣೆಯಲ್ಲಿ ಕುಳಿತು ಫೋನಿನಲ್ಲಿ ವೈ-ಫೈ ಹೆಸರು ಆರಿಸಿ, ಪಾಸ್‌ವರ್ಡ್ ಒತ್ತಿದಳು. ನೀಲಿ ದೀಪ ಮಿಣಮಿಣ ಎಂದು ಸುಮ್ಮನಾಯಿತು. ಮತ್ತೆ ಮೊದಲಿನಿಂದ ಮಾಡಿದಳು. ಈ ಸಲ ಕೂಡಿಕೊಂಡಿತು, ಆದರೆ ಪ್ರಿಂಟ್ ಒತ್ತುವಷ್ಟರಲ್ಲಿ ಸಂಬಂಧ ಕಡಿದುಕೊಂಡಿತು.

ಅಷ್ಟರಲ್ಲಿ ಗಾರ್ಮೆಂಟಿನಲ್ಲಿ ಬಟ್ಟೆ ಕತ್ತರಿಸುವ ಜಡೆಪ್ಪನ ಫೋನು. “ಅಕ್ಕಾರ, ಬಟ್ಟಿ ಹಾಸೀವ್ರಿ. ಸಂಜಿಗೆ ಕತ್ರಿ ಹಾಕ್ತೀವಿ. ನಿಮ್ಮ ಜೇಬು ಬರ್ಲಿಲ್ಲಂದ್ರ ಹಳೇ ಜೇಬೇ ಹಚ್ತೀವಿ ನೋಡ್ರಿ.”

ಅದು ಅವಳ ಹೆಸರಿಗೆ ಸಿಕ್ಕ ಮೊದಲ ಆರ್ಡರು. ಅಳುವೇ ಬಂತು. ವೈ-ಫೈ ಡಬ್ಬಿಗೇನಾಗಿದೆಯೋ ನೋಡೋಣವೆಂದು ಅದನ್ನಿಟ್ಟಿದ್ದ ಪಡಸಾಲೆಗೆ ಓಡಿದಳು. ಅಲ್ಲಿ ಅತ್ತೆ ವೀರಭದ್ರಮ್ಮ ಡಬ್ಬಿಯ ಸ್ವಿಚ್ಚು ಆರಿಸುತ್ತಿದ್ದರು.

“ಅತ್ತಿ! ಯಾಕ ಆರಿಸಾಕತ್ತೀರಿ?”

“ಮುಟ್ಟಿ ನೋಡವ, ಜ್ವರ ಬಂದಂಗ ಕಾದೈತಿ. ಸ್ವಲ್ಪ ದಮ್ಮ ತಗೊಳ್ಲಿ ಅಂತ ಆಗಾಗ ಆರಿಸಿ, ತಣ್ಣಗಾದ ಮ್ಯಾಲೆ ಹಚ್ಚಾಕತ್ತೀನಿ.”

ಸೌಂದರ್ಯಳಿಗೆ ಸಿಟ್ಟು ನೆತ್ತಿಗೇರಿತು. ಇನ್ನೇನು ಬಾಯಿ ಬಿಡಬೇಕು, ಆಗ ಟೇಬಲ್ ಫ್ಯಾನು ಕಣ್ಣಿಗೆ ಬಿತ್ತು. ಅದರ ಮುಖ ಡಬ್ಬಿಯ ಕಡೆಗಿತ್ತು. ಅತ್ತೆ ಮಾತ್ರ ಬೆವರಿನಲ್ಲಿ ತೊಯ್ದು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

“ಮತ್ತ ನಿಮಗ ಗಾಳಿ?”

“ನಾನು ಈ ಊರಾಗ ಹುಟ್ಟಿ ಬೆಳದಾಕಿ, ತಡಕೊಂತೀನಿ. ಪಾಪ, ಅದು ಹೊರಗಿಂದ ಬಂದೈತಿ.”

ಸಿಟ್ಟು ಎಲ್ಲಿ ಹೋಯಿತೋ. ಧಾರವಾಡದಿಂದ ಸೊಸೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಇದೇ ಫ್ಯಾನು ಅವಳ ಕಡೆಗೆ ತಿರುಗಿತ್ತು. ಆಗಲೂ ಅತ್ತೆ ಹೇಳಿದ್ದು ಇದೇ ಮಾತು.

“ಬಿಸಿ ಆದ್ರೂ ಅದಕ್ಕೇನೂ ಆಗಂಗಿಲ್ರಿ. ಹಾಳಿ ಬರೋತನಕ ಮುಟ್ಟಬ್ಯಾಡ್ರಿ,” ಎಂದು ಮೆತ್ತಗೆ ಹೇಳಿ ಸ್ವಿಚ್ಚು ಹಾಕಿದಳು.

ಈ ಸಲ ಯಂತ್ರ ಗರಗರ ಎಂದು ಹಾಳೆಗಳನ್ನು ಉಗುಳಿತು. ವೀರಭದ್ರಮ್ಮ ಅವುಗಳ ಅಂಚು ಹಿಡಿದರು, ಸೌಂದರ್ಯ ಟೇಪು ಹಚ್ಚಿ ಜೋಡಿಸಿದಳು. ಜೇಬು ಸೌಂದರ್ಯಳ ಜೊತೆ ಆಟೊ ಹತ್ತಿ ಜಡೆಪ್ಪನ ಕೈ ಸೇರಿತು, ಕತ್ತರಿ ಬೀಳುವ ಮೊದಲೇ.

ವಾಪಸು ಬಂದವಳೇ ಫ್ಯಾನನ್ನು ಅತ್ತೆಯ ಕಡೆಗೆ ತಿರುಗಿಸಿದಳು.

“ಅದಕ್ಕ ಬ್ಯಾಡೇನು?” ಎಂದರು ವೀರಭದ್ರಮ್ಮ, ಡಬ್ಬಿಯತ್ತ ನೋಡುತ್ತ.

“ಅದೂ ಇನ್ನ ನಮ್ಮ ಬಳ್ಳಾರಿದ ಆತ್ರಿ ಅತ್ತಿ. ನನ್ನಂಗ ತಡಕೊಂತೈತಿ.”