ಸೆರಗಿಗೆ ಬಂದ ಮೇಲೆ

ನೂಲಿಗೆ ಹಚ್ಚಿದ ಅಕ್ಕಿಗಂಜಿ ಬಿಸಿಲಿಗೆ ಒಣಗುವಾಗ ಏಳುವ ಹುಳಿವಾಸನೆ ನನ್ನ ಬಾಲ್ಯದ್ದು. ಗದ್ವಾಲದ ನೇಕಾರರ ಓಣಿಗೆ ಕಾಲಿಟ್ಟರೆ ಈಗಲೂ ಅದೇ ವಾಸನೆ.

ಆ ಓಣಿಯಲ್ಲಿ ಯೇಸುವನ್ನು ನಂಬಿದವಳು ನನ್ನ ಗೆಳತಿ ಬುಚ್ಚಮ್ಮ ಒಬ್ಬಳೇ. ಅವಳು ದೀಕ್ಷಾಸ್ನಾನ ಪಡೆದಂದಿನಿಂದ ಓರಗಿತ್ತಿ ಜಮ್ಮುಲಮ್ಮ ಆ ಮನೆಯಲ್ಲಿ ನೀರೂ ಮುಟ್ಟಿರಲಿಲ್ಲ. ಆದರೆ ಸೀರೆಗೆ ಸೆರಗು ಕೂಡಿಸುವ ದಿನ ತಪ್ಪದೆ ಬಂದು ಎದುರು ಕೂರುತ್ತಿದ್ದಳು. ನಮ್ಮ ಸೀರೆಯ ಒಡಲು ಹತ್ತಿ, ಕೊನೆಗೆ ನೇಯುವ ಸೆರಗು ರೇಷ್ಮೆ. ಒಬ್ಬಳು ಎರಡರ ಎಳೆಗಳನ್ನೂ ಆರಿಸಿ ಕೊಡಬೇಕು, ಇನ್ನೊಬ್ಬಳು ಎಳೆ ಜಾರದಂತೆ ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಕೂಡಿಸಬೇಕು.

ಈ ಬೇಸಿಗೆಯಲ್ಲಿ ಬುಚ್ಚಮ್ಮನ ಹೊಟ್ಟೆಯ ಗಡ್ಡೆಗೆ ಇನ್ನು ಔಷಧವಿಲ್ಲವೆಂದು ಡಾಕ್ಟರು ಮನೆಗೆ ಕಳಿಸಿದರು. ಒಂಟಿಯಾಗಿದ್ದ ಅವಳ ಜೊತೆಗಿರಲು ನಾನು ಹತ್ತಿರದ ಊರು ಶಾಂತಿನಗರದಿಂದ ಬಂದೆ. ಅವಳ ಮಗ್ಗದ ಮೇಲೆ ಜಮ್ಮುಲಮ್ಮನ ಮೊಮ್ಮಗಳು ನವನೀತಾಳ ಮದುವೆ ಸೀರೆ ಇತ್ತು.

ಅದಕ್ಕೆ ಸೆರಗು ಕೂಡಿಸುವ ದಿನ ಎಳೆ ಕೊಡುತ್ತಲೇ ಜಮ್ಮುಲಮ್ಮ ಮಾತು ತೆಗೆದಳು. "ಒಬ್ಬಾಕಿನೇ ಹೆಂಗ ಇರ್ತೀ ಬುಚ್ಚಿ? ನಮ್ಮ ಮನಿಗೆ ಬಾ, ನಾ ನೋಡ್ಕೋತೀನಿ. ಮಗ್ಗದ ಪೂಜಿಗೆ ಬಂದು ಕೈ ಮುಗಿ, ಅಷ್ಟ ಸಾಕು. ನಿಮ್ಮ ಯೇಸಪ್ಪ ಏನು ಸಿಟ್ಟಾಗಾಕಿಲ್ಲ."

ಬುಚ್ಚಮ್ಮ ನಕ್ಕಳು. "ಸಿಟ್ಟಾಗಾಕಿಲ್ಲಕ್ಕ. ನನಗ ಮನಸ್ಸು ಒಪ್ಪಲ್ಲ. ಇಲ್ಲೀತನಕ ಕೈ ಹಿಡ್ಕೊಂಡು ಬಂದಾನ. ಸೆರಗಿಗೆ ಬಂದ ಮೇಲೆ ಮಗ್ಗ ಬಿಟ್ಟು ಏಳ್ತೀವೇನು?"

"ಹಟಮಾರಿ! ಹಂಗಾರ ಎಳಿ ಕೊಡಾಕ ಆತನ್ನ ಕರಿ!" ಎಂದು ಜಮ್ಮುಲಮ್ಮ ಎದ್ದೇ ಹೋದಳು.

ಅರ್ಧ ಕೂಡಿದ ಎಳೆಗಳು ಹಾಗೇ ಜೋತವು. ಸಂಜೆ ಬುಚ್ಚಮ್ಮ ಗೋಡೆಗೆ ಒರಗಿ ಪ್ರಾರ್ಥಿಸಿದಳು. ತನ್ನ ನೋವಿನ ಮಾತಿಲ್ಲ, ಸೀರೆಯ ಮಾತಿಲ್ಲ. "ಅಕ್ಕನ ಮನಸ್ಸು ನೊಂದೈತಿ ಪ್ರಭು, ಸಮಾಧಾನ ಕೊಡು." ಆ ಗೋಡೆಯ ಆಚೆಗೇ ಜಮ್ಮುಲಮ್ಮನ ಅಡುಗೆಮನೆ. ಅಲ್ಲಿ ಪಾತ್ರೆಯ ಸದ್ದು ನಿಂತಿತು.

ಬೆಳಿಗ್ಗೆ ಜಮ್ಮುಲಮ್ಮ ಬಂದು ಎದುರು ಕೂತು ಎಳೆ ಆರಿಸತೊಡಗಿದಳು. ನೀರಿನ ಲೋಟವನ್ನೂ ಎತ್ತಲಾರದ ಬುಚ್ಚಮ್ಮನ ಬೆರಳುಗಳು ಒಂದು ಎಳೆಯೂ ತಪ್ಪದಂತೆ ಹೊಸೆದವು. ಕೊನೆಯ ಎಳೆ ಕೂಡಿದಾಗ ಅವಳ ಮುಖದಲ್ಲಿದ್ದ ಬೆಳಕು ಕಿಟಕಿಯದಲ್ಲ.

"ಉಳಿದಿದ್ದು ನಾ ನೇಯ್ತೀನಿ, ಮಲಕೋ," ಎಂದಳು ಜಮ್ಮುಲಮ್ಮ.

ಹೋದವಳು ಬಟ್ಟಲಲ್ಲಿ ಬಿಸಿ ಗಂಜಿ ತಂದಳು. ಉಣ್ಣುವ ಮೊದಲು ಬುಚ್ಚಮ್ಮ ಕೈ ಜೋಡಿಸಿ ಕಣ್ಣು ಮುಚ್ಚಿದಳು. ಪ್ರಾರ್ಥನೆ ಮುಗಿಯುವತನಕ ಜಮ್ಮುಲಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು, ಬಟ್ಟಲು ಹಿಡಿದೇ ಕಾದಳು. ಆಮೇಲೆ ಅವಳ ಕೈಗಿಟ್ಟಳು.