ತಂಗಿಗೆ ಬಿಳಿ ಕಾಯಿ

ಪೆಟ್ಟಿಗೆಯೊಳಗೆ ಯಾರ ಪ್ರೋಗ್ರಾಂ ಕೂರಬೇಕು ಎಂಬ ಜಗಳದಲ್ಲಿ ಚಿಕ್ಕಪ್ಪನ ಕಾರ್ಖಾನೆಯಲ್ಲಿ ಎಲ್ಲರ ತಲೆಯೂ ಕೆಟ್ಟುಹೋಗಿತ್ತು. ಎದುರಿಗೆ ಕೂತವರ ಜೊತೆ ತಾನೇ ಚದುರಂಗ ಆಡುವ ಮರದ ಪೆಟ್ಟಿಗೆ ಅಲ್ಲಿಯ ಸರಕು. ಹೊಸ ಪೆಟ್ಟಿಗೆಗೆಂದು ಅಣ್ಣ ಒಂದು ಪ್ರೋಗ್ರಾಂ ಬರೆದಿದ್ದ, ತಂಗಿ ಇನ್ನೊಂದು. ತಂಗಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಗೊಣಗಮ್ಮ ಎಂದು. ಎಲ್ಲದರಲ್ಲೂ ಕೊಂಕು ತೆಗೆಯುವವಳಿಗೆ ಇನ್ನೇನು ಹೆಸರಿಟ್ಟಾರು?

ಎರಡನ್ನೂ ಎದುರುಬದುರು ಆಡಲು ಬಿಟ್ಟು ನೋಡೋಣ ಎಂದವನು ಅಣ್ಣನೇ. ಯಂತ್ರಕ್ಕೆ ಊಟ ಬೇಡ, ನಿದ್ದೆ ಬೇಡ, ಆಡುತ್ತಲೇ ಇರಲಿ. ಗೆದ್ದದ್ದು ಪೆಟ್ಟಿಗೆಗೆ, ಸೋತದ್ದು ಮೂಲೆಗೆ. ಫಲಿತಾಂಶವನ್ನು ಗೊಣಗಮ್ಮ ಎರಡೆರಡು ಸಲ ಓದಿದಳು. ಐನೂರು ಆಟ, ಐನೂರರಲ್ಲೂ ಅವಳದ್ದೇ ಸೋಲು. ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಕೂಸು ಅದು! ಚಿಕ್ಕಪ್ಪ ಕೆಟ್ಟವರಲ್ಲ, ಪಾಪ. ಬೇಜಾರು ಮಾಡ್ಕೋಬೇಡ, ಸೋಮವಾರ ಅಣ್ಣಂದೇ ಹಾಕಿಸ್ತೀನಿ ಎಂದು ಬೆನ್ನು ತಟ್ಟಿ ಹೋದರು. ಆ ಬೆನ್ನು ತಟ್ಟಿದ್ದಕ್ಕೇ ಅವಳ ಮೈಯೆಲ್ಲ ಉರಿಯಿತು.

ಸೋಲಲಿ ಬಿಡಿ. ಆದರೆ ಐನೂರರಲ್ಲಿ ಒಂದಾದರೂ ಡ್ರಾ ಆಗಬೇಡವೇ? ಅವಳು ಅಂಕಿಯನ್ನು ಅತ್ತ ಸರಿಸಿ ಆಟಗಳನ್ನೇ ತೆರೆದಳು. ಮೊದಲನೆಯದರಲ್ಲಿ ಅವಳ ರಾಣಿ ದುರಾಸೆಗೆ ಬಿದ್ದು, ಮೂಲೆಯ ಕಾಲಾಳನ್ನು ತಿನ್ನಲು ಹೋಗಿ ಸಿಕ್ಕಿಹಾಕಿಕೊಂಡಿತ್ತು. ಎರಡನೆಯದರಲ್ಲೂ ಅದೇ ರಾಣಿ, ಅದೇ ಕಾಲಾಳು. ನಡುವಿನಿಂದ ಒಂದು ತೆಗೆದಳು, ಕೊನೆಯಿಂದ ಒಂದು. ಒಂದು ನಡೆಯೂ ಆಚೀಚೆ ಇಲ್ಲ. ಕುರ್ಚಿಗೊರಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಅಣ್ಣ ಬೆಸುಗೆಯ ಮೇಜಿನ ಹತ್ತಿರ ಇದ್ದ. ಪರೀಕ್ಷೆಯಲ್ಲೇ ತಪ್ಪಾಗಿದೆ ಎಂದರೆ ನಂಬಲಿಲ್ಲ.

"ತಂಗಿ ಅಂತ ಪ್ರತಿ ಆಟದಲ್ಲೂ ಬಿಳಿ ಕಾಯಿ ನಿನಗೇ ಕೊಟ್ಟಿದ್ದೆ. ಮೊದಲ ನಡೆ ಯಾವಾಗ್ಲೂ ನಿಂದೇ. ಇನ್ನೇನ್ ಬೇಕಿತ್ತು?"

"ಅದೇ ಎಡವಟ್ಟಾಗಿರೋದು. ಬಣ್ಣ ಬದಲಾಗ್ಲಿಲ್ಲ, ಶುರುನೂ ಬದಲಾಗ್ಲಿಲ್ಲ, ಎರಡು ಪ್ರೋಗ್ರಾಮೂ ಹಾಕಿದ ನಡೆನೇ ಹಾಕಿವೆ. ನಾನು ಸೋತಿದ್ದು ಒಂದೇ ಆಟ ಕಣಣ್ಣ. ಅದನ್ನೇ ನೀನು ಐನೂರು ಸಲ ಎಣಿಸಿದೀಯ. ಬೇರೆ ಬೇರೆ ಆರಂಭದ ನಡೆಗಳಿಂದ ಮತ್ತೆ ಆಡಿಸೋಣ."

ಅಣ್ಣನ ಮುಖ ಇಷ್ಟಾಯಿತು. ಆದರೂ ಪಟ್ಟು ಬಿಡಲಿಲ್ಲ. ಹೊಸ ಆರಂಭಗಳನ್ನು ನೀನು ಆರಿಸಿದರೆ ನಿನಗೆ ಒಗ್ಗುವುದನ್ನೇ ಆರಿಸುತ್ತೀಯ ಎಂದ.

"ನೀನೇ ಆರಿಸು. ನಂಗೆ ಕಷ್ಟ ಆಗೋದನ್ನೇ ಆರಿಸು. ಆದ್ರೆ ಪ್ರತಿಯೊಂದನ್ನೂ ಎರಡು ಸಲ ಆಡಿಸ್ಬೇಕು, ಕಾಯಿ ಅದಲುಬದಲು ಮಾಡಿ."

ಬಿಳಿಗೆ ಅನುಕೂಲವಿದ್ದರೆ ಅದು ಇಬ್ಬರಿಗೂ ಒಂದೊಂದು ಸಲ ಸಿಕ್ಕೇ ಸಿಗುತ್ತದೆ. ಅಣ್ಣ ಒಪ್ಪಿದ.

ಅವನೇನು ಕಮ್ಮಿ ಕಿಲಾಡಿಯೇ, ಹಳೆಯ ಆ ಆಟವನ್ನೇ ಮೊದಲಿಗೆ ಹಾಕಿದ. ಅವಳದ್ದು ಸೋತಿತು. ಅದೇ ಆರಂಭ, ಈಗ ಅವಳಿಗೆ ಕಪ್ಪು: ಗೆದ್ದಿತು. ಆಮೇಲೆ ಅವನು ಹುಡುಕಿ ಹುಡುಕಿ ತಂದ ಗೋಜಲು ಆರಂಭಗಳು ಒಂದೊಂದಾಗಿ ಬಂದವು. ಒಂದೆರಡು ಕಡೆ ಅವಳದ್ದು ಏಟು ತಿಂದಿತು, ನಾಲ್ಕಾರು ಡ್ರಾ ಆದವು, ಉಳಿದ ಕಡೆಯೆಲ್ಲ ಅಣ್ಣನ ಪ್ರೋಗ್ರಾಮಿಗೆ ಬಿಳಿಯಲ್ಲೂ ಏಟು, ಕಪ್ಪಿನಲ್ಲೂ ಏಟು. ಅಣ್ಣ ಇನ್ನಷ್ಟು ಆಡಿಸಿದ. ಅಂತರ ಇನ್ನಷ್ಟು ಬೆಳೆಯಿತು. ಗೊಣಗಮ್ಮ ಒಳಗೊಳಗೇ ಕುಣಿಯುತ್ತಿದ್ದಳು.

ಸೋಮವಾರ ಚಿಕ್ಕಪ್ಪ ಬಂದಾಗ ಅವಳು ಬಾಯಿ ತೆರೆಯುವ ಮೊದಲೇ ಅಣ್ಣ ಎದ್ದು ನಿಂತ.

"ಚಿಕ್ಕಪ್ಪ, ನಾನು ಪರೀಕ್ಷೆ ಮಾಡಿದ್ದೇ ತಪ್ಪು. ಪೆಟ್ಟಿಗೆಗೆ ಇವಳದ್ದೇ ಹೋಗ್ಬೇಕು."

ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಮುಂಚೆಯೇ ಕೂರಿಸಿಟ್ಟಿದ್ದ ತನ್ನ ಪ್ರೋಗ್ರಾಮಿನ ಚಿಪ್ ಅನ್ನು ಅವನೇ ಕಿತ್ತ, ಅವಳದ್ದನ್ನು ಅವನೇ ಕೂರಿಸಿದ. ಚಿಕ್ಕಪ್ಪ ತೋಳು ಮಡಚಿ ಎದುರಿಗೆ ಕೂತು, ಕಾಫಿ ಆರುವಷ್ಟು ಹೊತ್ತು ತಲೆ ಕೆರೆದುಕೊಂಡು ಆಡಿ, ಸೋತರು. ಸೋತವರೇ ಇನ್ನೊಂದಾಟಕ್ಕೆ ಕಾಯಿ ಜೋಡಿಸತೊಡಗಿದರು. ಗೊಣಗಮ್ಮನಿಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು.